ಕುಡಿದವನ ಕೈಯಲ್ಲಿ ಕೀಲಿಕೈ
(ಜಾತ್ರೆಯ ಮುನ್ನಾದಿನದ ಪ್ರವಚನ)



ಇಂದು ನಾವು ಕಾಯದೆಯ ಮಾತನ್ನಾಡಬೇಕೆಂದಿದ್ದೇವೆ. ಮಠದಲ್ಲಿ ಕುಳಿತವರಿಗೆ ಕೋರ್ಟಿನ ಮಾತೇಕೆ ಎನ್ನಬೇಡಿ. ನಾಳೆ ತೇರು. ಸುತ್ತಲಿನ ಹಳ್ಳಿಗಳಿಂದ ತಾಯಂದಿರು, ಮಕ್ಕಳು ಟ್ರ್ಯಾಕ್ಟರುಗಳಲ್ಲಿ ಬರುತ್ತಾರೆ. ಅದನ್ನು ನಡೆಸುವವನು ಏನು ಕುಡಿದು ಬಂದಿದ್ದಾನೆಂಬುದು ಮಠಕ್ಕೂ ಸೇರಿದ ಮಾತೇ.

1988ರ ಮೋಟಾರು ವಾಹನ ಕಾಯದೆಯಲ್ಲಿ 185ನೆಯ ಕಲಮು ಒಂದಿದೆ. ವಾಹನ ನಡೆಸುವವನ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ, ಮೊದಲ ಸಲ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿದರೆ ಸೆರೆವಾಸ ಎರಡು ವರ್ಷದವರೆಗೆ, ದಂಡ 15,000. 2019ರ ತಿದ್ದುಪಡಿಗೆ ಮುಂಚೆ ಮೊದಲ ತಪ್ಪಿನ ದಂಡ 2,000 ರೂಪಾಯಿ ದಾಟುತ್ತಿರಲಿಲ್ಲ. ಟ್ರ್ಯಾಕ್ಟರು ಹೊಲದ ಗಾಡಿಯಲ್ಲವೇ ಎನ್ನುವವರುಂಟು. ಕಾಯದೆಯ ಕಣ್ಣಿಗೆ ಅದೂ ಮೋಟಾರು ವಾಹನವೇ. ಟ್ರೇಲರಿನಲ್ಲಿ ಜನ ತುಂಬುವುದೇ ತಪ್ಪು. ಅದನ್ನು ನಾವು ಹೇಳಿ ಹೇಳಿ ಸೋತಿದ್ದೇವೆ.

ವಾಹನದ ಕಾಯದೆ ದಿಲ್ಲಿಯದು, ಮದ್ಯದಂಗಡಿಯ ಪರವಾನಗಿ ರಾಜ್ಯದ್ದು. 2016ರಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಅಂಗಡಿ ಬೇಡವೆಂದಿತು. ಮರುವರ್ಷವೇ ಸಣ್ಣ ಊರುಗಳಿಗೆ 220 ಮೀಟರು ಸಾಕೆಂದು ಸಡಿಲಿಸಿತು. ಕುಡಿಯಲು ಹೊರಟವನಿಗೆ ಅದೇನು ದೂರ!

ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಒಮ್ಮೆ ಪಕ್ಕದೂರಿನ ಪೂಜೆ ಮುಗಿಸಿ ರಾತ್ರಿ ಮರಳುವಾಗ ಭಕ್ತನೊಬ್ಬ ತನ್ನ ಜೀಪಿನಲ್ಲಿ ಕೂರಿಸಿಕೊಂಡ. ಬಾಯಿಂದ ವಾಸನೆ ಬರುತ್ತಿತ್ತು. ಹತ್ತು ಜನರ ಮುಂದೆ ಅವನ ಮಾನ ಹೋದೀತೆಂದು ನಾವು ಬಾಯಿ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಮಠದ ಇಬ್ಬರು ಎಳೆಯ ಹುಡುಗರು ನಿದ್ದೆಹೋಗಿದ್ದರು. ಕೆರೆಯ ಏರಿಯ ಮೇಲೆ ಜೀಪು ವಾಲಿ, ಒಂದು ಚಕ್ರ ಅಂಚಿನಾಚೆ ನಿಂತಿತು.

ಆಮೇಲೆ ವಕೀಲರೊಬ್ಬರು ಅದೇ ಕಾಯದೆಯ 188ನೆಯ ಕಲಮು ಓದಿ ಹೇಳಿದರು: ಕುಡಿದು ನಡೆಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. "ಸುಮ್ಮನೆ ಕುಳಿತದ್ದೂ ಕುಮ್ಮಕ್ಕೇ?" ಎಂದೆವು. "ಕೋರ್ಟಿನಲ್ಲಿ ಅಷ್ಟು ಸಾಲದು, ಬುದ್ಧಿ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಅಂಬಿಗರ ಚೌಡಯ್ಯನವರ ಕಾಯಕ ದೋಣಿ ನಡೆಸುವುದು. ದೋಣಿಗೆ ಈ 185ನೆಯ ಕಲಮು ತಾಗುವುದಿಲ್ಲ, ಅದು ರಸ್ತೆಯ ವಾಹನಕ್ಕೆ. ಆದರೂ ತುಂಬಿದ ಹೊಳೆಯಲ್ಲಿ ಕುಡಿದ ಅಂಬಿಗನ ದೋಣಿಯನ್ನು ನೀವು ಹತ್ತುವಿರಾ? ಹಾಗಾದರೆ ಕುಡಿದವನ ಟ್ರ್ಯಾಕ್ಟರು ಹತ್ತುವುದೇಕೆ?

ನಾಳೆ ತೇರಿನ ಬಯಲಿನಲ್ಲಿ ಮಠದ ಹುಡುಗರು ನಿಂತಿರುತ್ತಾರೆ. ವಾಸನೆ ಕಂಡರೆ ಕೀಲಿಕೈ ಕೇಳುತ್ತಾರೆ, ಜಗಳವಾಡದೆ ಕೊಟ್ಟುಬಿಡಿ. ದಾಸೋಹದಲ್ಲಿ ಉಂಡು, ಜಗುಲಿಯ ಮೇಲೆ ಮಲಗಿ, ಬೆಳಿಗ್ಗೆ ನಮ್ಮ ಕೈಯಿಂದಲೇ ತೆಗೆದುಕೊಂಡು ಹೋಗಿ. ಯಾರ ಹೆಸರನ್ನೂ ಬರೆದಿಡುವುದಿಲ್ಲ.