ಕೀಲಿ ಹಾಕಿದ ಕಾಗದ, ಮರೆತ ಪಾಸ್‌ವರ್ಡ್

(ದೇವಿಕೊಪ್ಪದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಸುರು ಆದಾಗ ನಮಗೆ ಮೊದಲು ಕಲಿಸಿದ್ದು ಏನು ಹೇಳ್ರಿ? ರೊಕ್ಕದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿಕೈ ಮತ್ತೊಬ್ಬರ ಕಡೆ. ಕೀಲಿಕೈ ಇದ್ದಾಕಿ ತವರಿಗೆ ಹೋಗುವಾಗ ಅದನ್ನ ಪ್ರತಿನಿಧಿ ಕೈಯಾಗ ಕೊಟ್ಟು, ಪುಸ್ತಕದಾಗ ಬರೆಸಿ ಹೋಗಬೇಕು. ಅಕ್ಷರ ಬಾರದ ನಮ್ಮ ಹಿರಿಯರಿಗೂ ಈ ಪದ್ಧತಿ ಗೊತ್ತಿತ್ತು. ಓದಿದವರ ಆಫೀಸಿನಲ್ಲಿ ಇದು ಇಲ್ಲದ್ದಕ್ಕೆ ಏನಾಯಿತು, ಕೇಳ್ರಿ.

ನಮಗೆ ಬೇಕಾದ ಅಕ್ಕನೊಬ್ಬರು (ಹೆಸರು ಬ್ಯಾಡ) ತವರಿನ ಹೊಲದಾಗ ಪಾಲು ಬೇಕಂತ ಖಟ್ಲೆ ಹಾಕಿದ್ದಾರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳುತ್ತದೆ. ಆ ತಿದ್ದುಪಡಿಗೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಅಷ್ಟರಿಂದಲೇ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಕ್ಕು ಐತಿ, ಆದರೆ ಕಾಗದ ತೋರಿಸಬೇಕಲ್ಲ.

ವಕೀಲರ ಆಫೀಸಿನ ಗುಮಾಸ್ತ ಎಲ್ಲ ಕಾಗದ ಸ್ಕ್ಯಾನ್ ಮಾಡಿ, ಪಾಸ್‌ವರ್ಡ್ ಹಾಕಿ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಅದು ತಪ್ಪಲ್ಲ, ಪಕ್ಷಗಾರರ ಗುಟ್ಟು ಕಾಯಲೇಬೇಕು. ಆದರೆ ಅವನು ಕೆಲಸ ಬಿಟ್ಟ. ಪಾಸ್‌ವರ್ಡ್ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಅವನ ಕೂಡ ಅದೂ ಹೋತು. ತಾರೀಖು ಹತ್ತಿರ ಬಂದಿತ್ತು. ಅಕ್ಕ ಎರಡು ದಿನ ಊಟ ಬಿಟ್ಟರು.

ಪ್ಯಾಟಿಯ ಅಂಗಡಿಯವರು ತೆಗೆದು ಕೊಡ್ತಾರ, ಇಂಟರ್‌ನೆಟ್ಟಿಗೆ ಹಾಕಿದರ ಪುಕ್ಕಟೆ ಬಿಚ್ಚತೈತಿ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ನಾವು ಬ್ಯಾಡ ಅಂದೆವು. ಆ ಕಾಗದದಾಗ ಆಧಾರ್ ನಂಬರು, ಹೆಬ್ಬೆಟ್ಟು, ಬ್ಯಾಂಕ್ ಖಾತೆ ಎಲ್ಲಾ ಇರ್ತಾವ. ಗುರುತಿಲ್ಲದವರ ಕೈಯಾಗ ಕೊಟ್ಟ ಮ್ಯಾಲೆ ವಾಪಸ್ ತರೋದು ಹೆಂಗ?

ಈ ಕೀಲಿಯ ಗುಣ ಸ್ವಲ್ಪ ತಿಳಿದುಕೊಳ್ಳೋಣ. ಪಿಡಿಎಫ್ ಕಡತಕ್ಕೆ ಎರಡು ತರಹದ ಪಾಸ್‌ವರ್ಡ್ ಇರುತ್ತವೆ. ಒಂದು, ಪ್ರಿಂಟ್ ತೆಗೆಯಬಾರದು, ತಿದ್ದಬಾರದು ಅಂತ ಹಾಕುವುದು. ಅದಿದ್ದರೂ ಕಡತ ಓದಬಹುದು. ಇನ್ನೊಂದು ತೆರೆಯಲಿಕ್ಕೇ ಬೇಕಾದದ್ದು. ಇದರಲ್ಲಿ ಒಳಗಿನ ಅಕ್ಷರಗಳನ್ನೇ ಕಲಸಿಬಿಟ್ಟಿರುತ್ತದೆ. ಹಗೇವಿನ ಬಾಯಿ ಒಡೆದು ಒಳಗೆ ಇಳಿದರೂ ಜೋಳ ಸಿಗೋದಿಲ್ಲ, ಗುರುತು ಸಿಗದ ಹಿಟ್ಟು ಸಿಗುತ್ತದೆ. ಪಾಸ್‌ವರ್ಡ್ ಹುಡುಕುವ ಸಾಫ್ಟ್‌ವೇರ್ ಹೆಚ್ಚಾಗಿ ಮಾಡುವುದು ಒಂದೇ ಕೆಲಸ: ಒಂದಾದ ಮೇಲೆ ಒಂದು ಹಾಕಿ ನೋಡುವುದು. ನಾಲ್ಕು ಅಂಕಿಯದ್ದಾದರೆ 10,000 ಸಲದೊಳಗೆ ಸಿಗುತ್ತದೆ. ಇಂಗ್ಲಿಷ್ ದೊಡ್ಡಕ್ಷರ, ಅಂಕಿ ಸೇರಿ ಎಂಟಾದರೆ 2 ಲಕ್ಷ 80 ಸಾವಿರ ಕೋಟಿಗಿಂತ ಹೆಚ್ಚು ಬಗೆ! ಆದ್ದರಿಂದ ಕಂಪ್ಯೂಟರಿಗಿಂತ ಮೊದಲು ಮನುಷ್ಯರನ್ನ ಕೇಳಬೇಕು.

ನಾವು ಅದನ್ನೇ ಮಾಡಿದೆವು. ಹಳೇ ಗುಮಾಸ್ತನ ನಂಬರು ಹುಡುಕಿ ಫೋನ್ ಹಚ್ಚಿದೆವು. "ಖಟ್ಲೆ ನಂಬರು, ಅದರ ಮುಂದ ಇಸವಿ ಹಾಕ್ರಿ ಅಕ್ಕಾರ" ಅಂದ. ತೆರೆಯಿತು! ನಮಗೆ ನಗು ಬಂತು, ಅಕ್ಕನಿಗೆ ಅಳು ಬಂತು.

ಆಧಾರ್ ಕಡತಕ್ಕೆ ಇಂಥ ಫಜೀತಿ ಇಲ್ಲ. ಆಧಾರ್‌ನಲ್ಲಿ ಇದ್ದ ಹಾಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ಇಸವಿ. ಇ-ಪ್ಯಾನ್ ಕಡತಕ್ಕೆ ಹುಟ್ಟಿದ ತಾರೀಖು, ತಿಂಗಳು, ಇಸವಿ ಸೇರಿ ಎಂಟು ಅಂಕಿ. ಇವನ್ನ ತೆಗೆಯಲಿಕ್ಕೆ ಯಾರಿಗೂ ರೊಕ್ಕ ಕೊಡಬ್ಯಾಡ್ರಿ.

ಕೋರ್ಟಿಗೆ ಕೊಡುವ ಕಡತವಾದರೆ ಮೂಲವನ್ನು ಮುಟ್ಟದೆ ಒಂದು ಕಾಪಿ ಮಾಡಿಕೊಂಡು ಅದರ ಮೇಲೆ ಪ್ರಯತ್ನ ಮಾಡಿಸಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಸಾಕ್ಷಿಗೆ ಪ್ರಮಾಣಪತ್ರ ಬೇಕು. ಅದರಲ್ಲಿ 'ಹ್ಯಾಶ್' ಅನ್ನುವ ಗುರುತು ಬರೆಯಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಆ ಗುರುತು ಬದಲಾಗುತ್ತದೆ. ಇನ್ನೊಂದು ಮಾತು. ತೆಗೆಸುವುದು ನಮ್ಮ ಕಡತ ಮಾತ್ರ. ಅಣ್ಣ-ತಮ್ಮನ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐ.ಟಿ. ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇದೆ. ನ್ಯಾಯ ನಮ್ಮ ಕಡೆ ಇದ್ದರೂ ನಾವೇ ಆರೋಪಿ ಆಗ್ತೇವಿ.

ಕಡತ ತೆರೆಯದೇ ಹೋದರೂ ಎದೆ ಒಡಕೋಬ್ಯಾಡ್ರಿ. ಉತಾರ ಭೂಮಿ ಕೇಂದ್ರದಲ್ಲಿ ಮತ್ತೆ ಸಿಗುತ್ತದೆ. ಕೋರ್ಟಿನಲ್ಲಿ ದಾಖಲಾದ ಕಾಗದದ ದೃಢೀಕೃತ ನಕಲು ಅರ್ಜಿ ಕೊಟ್ಟರೆ ಸಿಗುತ್ತದೆ. ಸಿಗದೇ ಇರುವುದು ನಮ್ಮ ಮೊಬೈಲಿನಾಗ ಅಷ್ಟೇ ಇದ್ದದ್ದು. ಅದೇ ಅಕ್ಕನ ಅವ್ವ ಸಾಯುವ ಮೊದಲು ಹೊಲದ ಬಗ್ಗೆ ಹೇಳಿದ ಮಾತು ಫೋನಿನಾಗ ರೆಕಾರ್ಡ್ ಆಗಿತ್ತು. ಫೋನಿನ ಪ್ಯಾಟರ್ನ್ ಮರೆತು, ಅಂಗಡಿಯಲ್ಲಿ ರಿಸೆಟ್ ಮಾಡಿಸಿದರು. ಫೋನ್ ಸುರು ಆತು, ಅವ್ವನ ದನಿ ಅಳಿಸಿ ಹೋತು. ಬೇರೆ ಕಡೆ ಕಾಪಿ ಇರಲಿಲ್ಲ.

ಖಟ್ಲೆ ಇನ್ನೂ ನಡೆದೈತಿ. ಈಗ ಅಕ್ಕ ವಕೀಲರಿಂದ ಎಲ್ಲ ಕಡತದ ಕಾಪಿ ಪೆನ್‌ಡ್ರೈವಿನಾಗ ತಗೊಂಡಾರ. ಅದು ಟ್ರಂಕಿನಾಗ ಐತಿ, ಪಾಸ್‌ವರ್ಡ್ ಬರೆದ ಚೀಟಿ ಲಕೋಟಿಯಾಗ ಅಂಟಿಸಿ ಮಗಳ ಮನೆಯಾಗ ಇಟ್ಟಾರ. ವಕೀಲರಿಗೆ ಕೊಡಲು ರೊಕ್ಕ ಇಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗ್ರಿ. 1987ರ ಕಾಯ್ದೆಯ 12ನೇ ಕಲಮಿನ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಪುಕ್ಕಟೆ ವಕೀಲರನ್ನ ಕೇಳುವ ಹಕ್ಕು ಐತಿ. ಫೋನ್ ನಂಬರು 15100.