ಕೈಕಾಲುಗಳ ಜೋಮನ್ನು ಅಲಕ್ಷಿಸಬೇಡಿ



ಸಂಸಾರದಲ್ಲಿ ಒಬ್ಬರ ಆರೋಗ್ಯವನ್ನು ಮತ್ತೊಬ್ಬರು ಗಮನಿಸುವುದು ಸಹಜ. ಅಂತಹ ಗಮನದಿಂದ ಬೇಗನೆ ಪತ್ತೆಯಾಗಬಲ್ಲ ಒಂದು ವಿರಳ ಕಾಯಿಲೆಯನ್ನು ಕುರಿತು ಇಂದು ತಿಳಿಸಬಯಸುತ್ತೇನೆ.

ಬಹುಕಾಲ ಬೀಡಿ ಸೇದಿದ ಗೃಹಸ್ಥನೊಬ್ಬನಿಗೆ ಕೆಲವೇ ವಾರಗಳಲ್ಲಿ ಕೈಕಾಲುಗಳು ಉರಿದು ಜೋಮು ಹಿಡಿಯುತ್ತವೆ ಎಂದು ಭಾವಿಸಿ. ಚಪ್ಪಲಿ ಕಳಚಿ ಬಿದ್ದರೂ ಆತನಿಗೆ ಅರಿವಾಗದು. ಅಂಗಿಯ ಗುಂಡಿ ಹಾಕಲು ಬೆರಳುಗಳು ತಡವರಿಸುತ್ತವೆ. ಹಗಲಿನಲ್ಲಿ ಹೇಗೋ ನಡೆಯುವಾತ ಕತ್ತಲಾದೊಡನೆ ತೂರಾಡುತ್ತಾನೆ. ಪಾದಗಳ ಅರಿವು ಕುಂದಿದವನಿಗೆ ಕಣ್ಣೇ ಆಸರೆ. ನೆರೆಯವರು ಕುಡಿದಿದ್ದಾನೆನ್ನಬಹುದು, ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಬಹುದು. ಆದರೆ ಕಾರಣವು ಆತನ ಎದೆಯೊಳಗೇ ಅಡಗಿರಬಹುದು.

ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ, ನರಕೋಶಗಳಲ್ಲಿರುವಂತಹ ಸಸಾರಜನಕ ಪದಾರ್ಥಗಳೇ ಇರುತ್ತವೆ. ಗಡ್ಡೆಯನ್ನು ನಾಶಪಡಿಸಲು ಹೊರಟ ದೇಹದ ರಕ್ಷಣಾಶಕ್ತಿಯು ನರಕೋಶಗಳನ್ನೂ ಶತ್ರುಗಳೆಂದು ಬಗೆದು ಹಾನಿ ಮಾಡುತ್ತದೆ. ಕಳೆ ಕೀಳಹೋದವನು ಪೈರನ್ನೂ ಕಿತ್ತಂತೆ ಇದು. ಇಂತಹ ರೋಗಿಗಳನ್ನು 1948ರಲ್ಲಿ ಡೆನಿ-ಬ್ರೌನ್ ಎಂಬ ವೈದ್ಯರು ವರ್ಣಿಸಿದರು. ಇದಕ್ಕೆ ಸಂಬಂಧಿಸಿದ ಪ್ರತಿಕಾಯವು ರೋಗಿಗಳ ರಕ್ತದಲ್ಲಿರುವುದನ್ನು 1985ರಲ್ಲಿ ವರದಿ ಮಾಡಲಾಯಿತು.

ಕ್ಯಾನ್ಸರ್ ಪತ್ತೆಯಾಗುವುದಕ್ಕೆ ಎಷ್ಟೋ ತಿಂಗಳು ಮೊದಲೇ ಈ ಜೋಮು ತಲೆದೋರಬಹುದು. ಸತ್ತ ನರಕೋಶ ಮರಳಿ ಹುಟ್ಟದು. ಗಡ್ಡೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಮಾಡಿದರೆ ಉಳಿದ ಶಕ್ತಿಯನ್ನಾದರೂ ಕಾಪಾಡಿಕೊಳ್ಳುವ ಅವಕಾಶವಿದೆ. ಸ್ತ್ರೀಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರಿನಿಂದಲೂ ಇದೇ ರೀತಿ ಮೆದುಳಿಗೆ ಹಾನಿಯಾಗಿ ನಡಿಗೆ ತಪ್ಪಬಹುದು, ಮಾತು ತೊದಲಬಹುದು.

ಆದರೆ ಗಾಬರಿ ಬೇಡ. ಜೋಮು ಬಂದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಸಕ್ಕರೆ ಕಾಯಿಲೆ, ಕುಷ್ಠರೋಗ, ಬಿ-12 ಜೀವಸತ್ವದ ಕೊರತೆ, ಮದ್ಯಪಾನ ಇವೇ ಹೆಚ್ಚು ಸಾಮಾನ್ಯವಾದ ಕಾರಣಗಳು. ಇವಕ್ಕೂ ಚಿಕಿತ್ಸೆ ಅಗತ್ಯ. ಯಾವ ಕಾರಣವೆಂಬುದನ್ನು ಪರೀಕ್ಷೆಯೇ ತಿಳಿಸಬೇಕು.

ಆದುದರಿಂದ ಜೋಮು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ದಂಪತಿಗಳಿಬ್ಬರೂ ಕೂಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಎಷ್ಟು ವರ್ಷ ಬೀಡಿ ಸೇದಿದ್ದೀರಿ, ಮೈತೂಕ ಇಳಿದಿದೆಯೇ, ಕೆಮ್ಮು ಇದೆಯೇ ಎಂಬುದನ್ನು ಸಂಕೋಚವಿಲ್ಲದೆ ಹೇಳಿರಿ. ಗಂಡ ಮರೆಮಾಚಿದರೆ ಹೆಂಡತಿ ಹೇಳಲಿ; ಹೆಂಡತಿ ನಾಚಿದರೆ ಗಂಡ ಹೇಳಲಿ. ಅಗತ್ಯವಿದ್ದರೆ ವೈದ್ಯರು ಎದೆಯ ಕ್ಷ-ಕಿರಣ ಚಿತ್ರಕ್ಕೂ ದೊಡ್ಡ ಆಸ್ಪತ್ರೆಗೂ ಕಳುಹಿಸುವರು.

ಅಲ್ಲಿಯವರೆಗೆ ಬರಿಗಾಲಿನಲ್ಲಿ ನಡೆಯಬೇಡಿ. ರಾತ್ರಿ ದೀಪವಿರಲಿ. ಸ್ನಾನದ ನೀರಿನ ಬಿಸಿಯನ್ನು ಜೋಮಿಲ್ಲದವರು ಮುಟ್ಟಿ ನೋಡಲಿ. ಬೀಡಿಯನ್ನು ಇಂದೇ ತ್ಯಜಿಸಿರಿ.