ತೆನೆಯನ್ನು ಹರಸಿದ ಮೇಲೆ ಗದ್ದೆಯ ಹೊಣೆ

(ಮಲೆನಾಡಿನ ಪರಿಸರಾಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪರಿಸರ ಚಿಂತನೆಯ ಕೂಟಗಳಲ್ಲಿ ಕ್ರೈಸ್ತ ಧರ್ಮದ ಮೇಲೆ ಒಂದು ಆಪಾದನೆ ಬಹುಕಾಲದಿಂದ ಕೇಳಿಬರುತ್ತಿದೆ. ಮನುಷ್ಯನನ್ನು ಸೃಷ್ಟಿಯ ದೊರೆಯಾಗಿ ಕೂರಿಸಿ, ಉಳಿದುದೆಲ್ಲವೂ ಅವನ ಉಪಯೋಗದ ಸಾಮಗ್ರಿಯೆಂದು ಕಲಿಸಿದ್ದು ಆ ಧರ್ಮವೇ ಎಂಬುದು ಅದರ ಸಾರ. ಈ ವಾದಕ್ಕೆ ವಿದ್ವತ್ತಿನ ರೂಪ ಕೊಟ್ಟವರು ಅಮೆರಿಕದ ಇತಿಹಾಸಕಾರ ಲಿನ್ ವೈಟ್. 1967ರ ಮಾರ್ಚ್ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಇಂದಿಗೂ ಚರ್ಚೆಯಲ್ಲಿದೆ. ಮರದಲ್ಲಿ, ತೊರೆಯಲ್ಲಿ, ಬೆಟ್ಟದಲ್ಲಿ ನೆಲೆಸಿದ್ದ ದೈವಗಳನ್ನು ಪಾಶ್ಚಾತ್ಯ ಕ್ರೈಸ್ತಮತ ಹೊರಗಟ್ಟಿತು; ಅದರಿಂದ ಕೊಡಲಿ ಹಿಡಿದ ಕೈಗೆ ಇದ್ದ ಅಂಜಿಕೆ ಇಲ್ಲವಾಯಿತು ಎಂದು ಅವರು ವಾದಿಸಿದರು. ದೇವರಕಾಡು, ನಾಗಬನಗಳ ನಡುವೆ ಬದುಕುವ ಮಲೆನಾಡಿಗರಿಗೆ ಈ ಮಾತಿನ ತೂಕ ಬೇಗ ಅರ್ಥವಾಗುತ್ತದೆ.

ಆದರೆ ಆ ಲೇಖನದ ಕೊನೆಯ ಭಾಗವನ್ನು ಉಲ್ಲೇಖಿಸುವವರು ಕಡಿಮೆ. ವೈಟ್ ಸ್ವತಃ ಕ್ರೈಸ್ತರಾಗಿದ್ದರು. ರೋಗದ ಮೂಲ ಧಾರ್ಮಿಕವಾಗಿದ್ದರೆ ಮದ್ದೂ ಅಲ್ಲಿಯೇ ಹುಟ್ಟಬೇಕೆಂಬುದು ಅವರ ನಿಲುವು. ಹಕ್ಕಿಗಳನ್ನೂ ತೋಳವನ್ನೂ ಒಡಹುಟ್ಟಿದವರೆಂದು ಕಂಡ ಅಸ್ಸಿಸಿಯ ಸಂತ ಫ್ರಾನ್ಸಿಸ್‌ನನ್ನು ಪರಿಸರವಾದಿಗಳ ಪೋಷಕ ಸಂತನನ್ನಾಗಿ ಸ್ವೀಕರಿಸಬೇಕೆಂದು ಅವರು ಸೂಚಿಸಿದರು. ಹನ್ನೆರಡು ವರ್ಷಗಳ ನಂತರ, 1979ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಅದನ್ನೇ ಅಧಿಕೃತವಾಗಿ ಸಾರಿದರು. ಆದ್ದರಿಂದ ಇಂದಿನ ಪ್ರಶ್ನೆ ಆಪಾದನೆ ಸರಿಯೋ ತಪ್ಪೋ ಎಂಬಷ್ಟಕ್ಕೇ ನಿಲ್ಲುವುದಿಲ್ಲ. ಭಾನುವಾರ ಇಗರ್ಜಿಗೆ ಹೋಗಿ ಸೋಮವಾರ ತೋಟಕ್ಕೆ ಇಳಿಯುವ ಸಾಮಾನ್ಯ ಕ್ರೈಸ್ತನಿಗೆ ಅವನ ನಂಬಿಕೆ ಮಣ್ಣಿನ ಬಗ್ಗೆ, ನೀರಿನ ಬಗ್ಗೆ ಏನು ಹೇಳುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಗ್ರಂಥದಲ್ಲಿರುವ ಎರಡು ಮಾತು

ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೊರೆತನದ ಮಾತು ಬರುತ್ತದೆ. ಎರಡನೆಯ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿರಿಸಿ, ಅದನ್ನು ಸಾಗುಮಾಡುವ ಮತ್ತು ಕಾಯುವ ಕೆಲಸವನ್ನು ಒಪ್ಪಿಸಲಾಗುತ್ತದೆ. ಮೊದಲನೆಯದನ್ನು ಬಲ್ಲವರು ಬಹಳ. ಎರಡನೆಯದನ್ನು ನೆನಪಿಡುವವರು ವಿರಳ. ಹೀಬ್ರೂ ಭಾಷೆಯಲ್ಲಿ ಸಾಗುಮಾಡುವುದಕ್ಕೆ ಬಳಸಿರುವ ಕ್ರಿಯಾಪದಕ್ಕೆ ಸೇವೆಮಾಡು ಎಂಬ ಅರ್ಥವೂ ಇದೆ. ಕಾಯುವುದಕ್ಕೆ ಬಳಸಿರುವ ಪದ, ದೇವರು ತನ್ನ ಜನರನ್ನು ಕಾಪಾಡಲಿ ಎಂದು ಯಾಜಕರು ಹರಸುವಾಗ ಬಳಸುವ ಪದವೇ ಆಗಿದೆ. ಆದಾಮನೆಂಬ ಹೆಸರು ಕೂಡ ಮಣ್ಣಿಗೆ ಹೀಬ್ರೂವಿನಲ್ಲಿರುವ ‘ಅದಾಮಾ’ ಎಂಬ ಪದಕ್ಕೆ ಹತ್ತಿರದ್ದು. ಮಣ್ಣಿನಿಂದಾದವನು ಮಣ್ಣಿಗೆ ಸೇವಕನಾಗಿ, ಕಾವಲುಗಾರನಾಗಿ ನಿಲ್ಲುವುದೇ ಅವನಿಗೆ ಒಪ್ಪಿಸಿದ ದೊರೆತನವೆಂದು ತಿಳಿಯಲು ಇಷ್ಟು ಸಾಕು.

ಮೋಶೆಯ ಧರ್ಮಶಾಸ್ತ್ರ ಇದನ್ನು ಬೇಸಾಯದ ನಿಯಮಗಳಾಗಿ ಬಿಡಿಸಿ ಹೇಳುತ್ತದೆ. ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕು. ಕೊಯ್ಲಿನಲ್ಲಿ ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಗೂಡಿನಲ್ಲಿ ಮರಿಯೋ ಮೊಟ್ಟೆಯೋ ಇರುವಾಗ ತಾಯಿಹಕ್ಕಿಯನ್ನು ಹಿಡಿಯಬಾರದು. ಶತ್ರುವಿನ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಗಳಿಗೆ ಕೊಡಲಿ ಹಾಕಬಾರದು. ಇವೆಲ್ಲಕ್ಕೂ ಅಡಿಗಲ್ಲಾಗಿ ಯಾಜಕಕಾಂಡದ 25ನೆಯ ಅಧ್ಯಾಯ ಒಂದು ತತ್ವವನ್ನಿಡುತ್ತದೆ: ಭೂಮಿ ದೇವರದು, ಮನುಷ್ಯ ಅದರಲ್ಲಿ ಕೆಲಕಾಲದ ಒಕ್ಕಲು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರುವ ಹಕ್ಕು ಅವನಿಗಿಲ್ಲ. ಗೇಣಿ, ಒಕ್ಕಲುತನ, ಭೂಸುಧಾರಣೆಗಳನ್ನು ಕಂಡ ಕರ್ನಾಟಕದ ಓದುಗನಿಗೆ ಈ ಮಾತು ಹೊಸದಾಗಿ ತೋರಬೇಕಾಗಿಲ್ಲ.

ಮೊಂತಿ ಫೆಸ್ತ್ ಹೇಳುವ ಕಥೆ

ಗ್ರಂಥದ ಮಾತು ಆಚರಣೆಯಾದ ಬಗೆಯನ್ನು ಕರಾವಳಿಯ ಮತ್ತು ಘಟ್ಟದ ಕೊಂಕಣಿ ಕ್ರೈಸ್ತರ ತೆನೆಹಬ್ಬದಲ್ಲಿ ಕಾಣಬಹುದು. ಸೆಪ್ಟೆಂಬರ್ 8 ಕನ್ಯಾಮರಿಯಮ್ಮನವರ ಜನ್ಮದಿನ. ಅಂದೇ ಹೊಸ ಬೆಳೆಯ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಭತ್ತದ ಹೊಸ ತೆನೆಗಳನ್ನು ಗುರುಗಳು ಹರಸುತ್ತಾರೆ, ಮೆರವಣಿಗೆಯಾಗುತ್ತದೆ, ಪ್ರತಿ ಕುಟುಂಬಕ್ಕೂ ತೆನೆ ಹಂಚಲಾಗುತ್ತದೆ. ಮನೆಯಲ್ಲಿ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಅಂದಿನ ಊಟ ಬಾಳೆಯೆಲೆಯಲ್ಲಿ, ತರಕಾರಿಯದೇ. ಪದಾರ್ಥಗಳ ಸಂಖ್ಯೆ ಐದು, ಏಳು, ಒಂಬತ್ತು, ಹೀಗೆ ಬೆಸವಾಗಿರಬೇಕು. ದೂರದೇಶದಲ್ಲಿರುವ ಮಕ್ಕಳಿಗೆ ಹರಸಿದ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿಯೂ ಇದೆ. ಕೊಡವರ ಹುತ್ತರಿಗೂ, ತುಳುನಾಡಿನ ಕುರಲ್ ಪರ್ಬಕ್ಕೂ ಇದರ ನಂಟು ಕಣ್ಣಿಗೆ ಕಾಣುವಂಥದು. ರೋಮಿನಿಂದ ಬಂದ ಧರ್ಮ ಈ ನೆಲದ ಮಳೆ–ಬೆಳೆಯ ಪಂಚಾಂಗವನ್ನು ಒಪ್ಪಿಕೊಂಡ ಗುರುತಿದು.

ಆದರೆ ತೆನೆ ಎಲ್ಲಿಂದ ಬರುತ್ತದೆ? ಅಡಿಕೆಗೆ, ರಬ್ಬರಿಗೆ, ನಿವೇಶನಗಳಿಗೆ ಗದ್ದೆ ಬಿಟ್ಟುಕೊಟ್ಟ ಊರುಗಳಲ್ಲಿ ಹಬ್ಬಕ್ಕೆ ಬೇಕಾದ ತೆನೆಯನ್ನು ಬೇರೆ ಊರಿನಿಂದ ತರಿಸಬೇಕಾಗಿದೆ. ಬೇಲಿಯ ಮೇಲೆ, ಗದ್ದೆಯ ಬದುವಿನಲ್ಲಿ ಮಕ್ಕಳು ಆರಿಸುತ್ತಿದ್ದ ಹೂವಿನ ಜಾಗಕ್ಕೆ ಅಂಗಡಿಯ ಹೂ ಬಂದಿದೆ. ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಬಾವಿಗಳಿಗೆ ಇಳಿಸುತ್ತಿದ್ದದ್ದು ಗದ್ದೆಯೇ. ಗದ್ದೆ ಹೋದ ಮೇಲೆ ಮಾರ್ಚ್ ತಿಂಗಳಲ್ಲಿಯೇ ಬಾವಿಯ ತಳ ಕಾಣುವುದು ಆಶ್ಚರ್ಯವಲ್ಲ. ತೆನೆಯನ್ನು ಹರಸುವ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಒಂದು ಗದ್ದೆಯೂ ಉಳಿಯದಿದ್ದರೆ ಆ ಹರಕೆಗೆ ಏನರ್ಥ? ಈ ಪ್ರಶ್ನೆಯನ್ನು ಹೊರಗಿನವರು ಕೇಳಿದರೆ ಟೀಕೆಯಾಗುತ್ತದೆ. ವಿಶ್ವಾಸಿ ತನ್ನನ್ನೇ ಕೇಳಿಕೊಂಡರೆ ಪ್ರಾರ್ಥನೆಯಾಗುತ್ತದೆ.

ದಿನನಿತ್ಯದ ಪಾಲನೆ

ಪೋಪ್ ಫ್ರಾನ್ಸಿಸ್ 2015ರ ಜೂನ್‌ನಲ್ಲಿ ಹೊರತಂದ ‘ಲೌದಾತೊ ಸೀ’ ಎಂಬ ವಿಶ್ವಪತ್ರ ಹವಾಮಾನ ಬದಲಾವಣೆ, ನೀರಿನ ಹಕ್ಕು, ಜೀವವೈವಿಧ್ಯದ ನಾಶಗಳಂಥ ದೊಡ್ಡ ವಿಷಯಗಳನ್ನು ಚರ್ಚಿಸಿ, ಕೊನೆಗೆ ಅಡುಗೆಮನೆಗೂ ಬರುತ್ತದೆ. ಪ್ಲಾಸ್ಟಿಕ್ಕನ್ನು ದೂರವಿಡುವುದು, ನೀರನ್ನು ಹಿತಮಿತವಾಗಿ ಬಳಸುವುದು, ಕಸ ವಿಂಗಡಿಸುವುದು, ಉಣ್ಣುವಷ್ಟೇ ಬೇಯಿಸುವುದು, ಗಿಡ ನೆಡುವುದು, ಬೇಡದ ದೀಪ ಆರಿಸುವುದು: ಇವು ಅದರ 211ನೆಯ ಪರಿಚ್ಛೇದದಲ್ಲಿ ಹೆಸರಿಸಿದ ಸಣ್ಣ ಕೆಲಸಗಳು. ಇಷ್ಟು ದೊಡ್ಡ ಪತ್ರದಲ್ಲಿ ಇಂಥ ಚಿಲ್ಲರೆ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೆ, ಏನೂ ಹಾಳಾಗದಂತೆ ಉಳಿದ ತುಣುಕುಗಳನ್ನು ಕೂಡಿಸಲು ಯೇಸು ಶಿಷ್ಯರಿಗೆ ಹೇಳಿದ ಪ್ರಸಂಗ ಯೊವಾನ್ನನ ಶುಭಸಂದೇಶದಲ್ಲಿದೆ. ಹನ್ನೆರಡು ಬುಟ್ಟಿ ತುಂಬಿತು. ಪವಾಡವನ್ನು ನೆನೆಯುವವರು ಬುಟ್ಟಿಗಳನ್ನೂ ನೆನೆಯಬೇಕು. ಮದುವೆಯ ಔತಣದ ಮರುದಿನ ಸಭಾಂಗಣದ ಹಿಂದೆ ಬೀಳುವ ಅನ್ನದ ರಾಶಿಗೂ, ಪ್ಲಾಸ್ಟಿಕ್ ಲೋಟಗಳ ಗುಡ್ಡಕ್ಕೂ ಆ ಪ್ರಸಂಗದ ಮುಂದೆ ಉತ್ತರವಿಲ್ಲ.

ಧರ್ಮಸಭೆಯ ವರ್ಷಚಕ್ರದಲ್ಲಿಯೇ ಮಿತವ್ಯಯದ ಶಿಕ್ಷಣವಿದೆ. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು ಎಂಬುದನ್ನು ನೆನಪಿಸಲಾಗುತ್ತದೆ. ಅಲ್ಲಿಂದ ಮುಂದಿನ ತಪಸ್ಸುಕಾಲ ಉಪವಾಸದ, ತ್ಯಾಗದ ಕಾಲ. ಮಾಂಸ ಬಿಡುವುದರ ಜೊತೆಗೆ ಬೇಸಿಗೆಯ ಆ ದಿನಗಳಲ್ಲಿ ನೀರಿನ ಉಪವಾಸ, ವಾಹನದ ಉಪವಾಸ ಏಕಾಗಬಾರದು? ನವೆಂಬರ್ 2ರಂದು ಸಮಾಧಿಗಳ ಮೇಲಿಡುವ ಹೂ ಪ್ಲಾಸ್ಟಿಕ್ಕಿನದಾಗದೆ ಮಣ್ಣಿಗೆ ಮರಳುವಂಥದಾದರೆ, ಮಣ್ಣಿಗೆ ಮರಳಿದವರಿಗೆ ಅದೇ ತಕ್ಕ ಗೌರವ.

ತೋಟದಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಮಳೆಗೆ ಮುಂಚೆ ಇಳಿಜಾರಿನಲ್ಲಿ ಸಿಂಪಡಿಸಿದ ಕಳೆನಾಶಕ ಮೊದಲ ಮಳೆಗೆ ಹಳ್ಳ ಸೇರುತ್ತದೆ. ಹಳ್ಳದ ಕೆಳಗೆ ಇನ್ನೊಬ್ಬರ ಬಾವಿಯಿದೆ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಷ್ಟು ಮನೆಗಳನ್ನು ಮುರಿಯಿತೆಂಬುದನ್ನು ಈ ಭಾಗದ ಜನ ಕಂಡಿದ್ದಾರೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಗೆ ಮಲೆನಾಡಿನಲ್ಲಿ ಒಂದು ಭೂಗೋಳವಿದೆ. ಇಲ್ಲಿ ನೆರೆಯವನೆಂದರೆ ನೀರು ಹರಿದುಹೋಗುವ ದಿಕ್ಕಿನಲ್ಲಿರುವವನು.

ಇಳಿಜಾರಿನ ಮೇಲಿನ ಪರೀಕ್ಷೆ

ಈವರೆಗಿನ ಮಾತಿಗೆ ಯಾರದೂ ವಿರೋಧವಿರಲಾರದು. ನಂಬಿಕೆಗೂ ಜೀವನೋಪಾಯಕ್ಕೂ ತಿಕ್ಕಾಟ ಬಂದಾಗಲೇ ಪರೀಕ್ಷೆ.

ಕಳೆದ ಶತಮಾನದ ಮೊದಲರ್ಧದಿಂದ ಮಧ್ಯ ತಿರುವಾಂಕೂರಿನ ಸಾವಿರಾರು ಕ್ರೈಸ್ತ ಕುಟುಂಬಗಳು ಇಡುಕ್ಕಿಯ ಬೆಟ್ಟಗಳಿಗೂ ಮಲಬಾರಿಗೂ ವಲಸೆ ಹೋದವು. ಎರಡನೆಯ ಮಹಾಯುದ್ಧದ ಕಾಲದ ಅನ್ನದ ಅಭಾವದಲ್ಲಿ ಸರ್ಕಾರವೇ ಹೆಚ್ಚು ಬೆಳೆಯಿರಿ ಎಂದು ಹುರಿದುಂಬಿಸಿತ್ತು. ಮಲೇರಿಯಾ, ಹಸಿವು, ಕಾಡುಪ್ರಾಣಿಗಳ ನಡುವೆ ಆ ಜನ ಕಟ್ಟಿಕೊಂಡ ಬದುಕನ್ನು ಹಗುರವಾಗಿ ನೋಡುವಂತಿಲ್ಲ. ಅದೇ ವಲಸೆಯ ಒಂದು ಕವಲು ದಕ್ಷಿಣ ಕನ್ನಡದ ಘಟ್ಟದಡಿಯ ತಾಲೂಕುಗಳಿಗೂ ಬಂತು.

ಮಾಧವ ಗಾಡ್ಗೀಳರ ನೇತೃತ್ವದ ಸಮಿತಿ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟದ್ದು 2011ರ ಆಗಸ್ಟ್‌ನಲ್ಲಿ. ಕಸ್ತೂರಿರಂಗನ್ ಅವರ ಸಮಿತಿಯ ವರದಿ ಬಂದದ್ದು 2013ರ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರದ ಆದೇಶ ಹೊರಬಿದ್ದಾಗ ಕೇರಳದ ಮಲೆಪ್ರದೇಶ ಹೊತ್ತಿಕೊಂಡಿತು. ಪ್ರತಿಭಟನೆಯ ಮುಂಚೂಣಿಯಲ್ಲಿ ಕೆಲವು ಧರ್ಮಪ್ರಾಂತಗಳ ಗುರುಗಳೂ ಇದ್ದರು. ಮನೆ ಕಟ್ಟಲಾಗದು, ಭೂಮಿ ಮಾರಲಾಗದು, ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಹಳ್ಳಿಹಳ್ಳಿಗೆ ಹರಡಿತು. ಗಾಡ್ಗೀಳ್ ಸಮಿತಿ ತನ್ನ ಶಿಫಾರಸುಗಳು ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕೆಂದು ಬಯಸಿತ್ತು. ಆದರೆ ಹಳ್ಳಿಗೆ ವರದಿಯ ಬದಲು ವದಂತಿ ಮೊದಲು ಮುಟ್ಟಿತು. ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದವನು ಇಲಾಖೆಯ ಮಾತನ್ನು ನಂಬದಿದ್ದರೆ ಅದು ಅವನೊಬ್ಬನ ದೋಷವಲ್ಲ. ಕಲ್ಲು ಕ್ವಾರಿಯವರೂ ರೆಸಾರ್ಟಿನವರೂ ಅದೇ ಭಯದ ಮರೆಯಲ್ಲಿ ನಿಂತುಕೊಂಡರು ಎಂಬುದು ಮಾತ್ರ ಮರೆಯಬಾರದ ಸಂಗತಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಪ್ರದೇಶದಲ್ಲಿ ಬೆಟ್ಟ ಜಾರಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನಡಿ ಸಿಕ್ಕವರಲ್ಲಿ ತೋಟದ ಸಾಲುಮನೆಗಳ ಕಾರ್ಮಿಕರಿದ್ದರು, ಎಲ್ಲ ಮತದವರೂ ಇದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. ವರದಿಯನ್ನು ತಿರಸ್ಕರಿಸಬಹುದು, ಇಳಿಜಾರಿನ ಮಣ್ಣು ನೀರು ಕುಡಿದು ಭಾರವಾದಾಗ ಜಾರುವ ನಿಯಮವನ್ನು ಯಾವ ಸಂಪುಟವೂ ತಿರಸ್ಕರಿಸಲಾರದು.

ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆಬೇರೆಯಾಗಿ ಕೇಳಲಾಗದೆಂಬುದು ‘ಲೌದಾತೊ ಸೀ’ಯ ತಿರುಳು. ಅದರಂತೆ ನಡೆಯಬೇಕಾದರೆ ಧರ್ಮಗುರು ರೈತನ ಹಕ್ಕುಪತ್ರಕ್ಕಾಗಿಯೂ ದನಿಯೆತ್ತಬೇಕು, ಕಡಿದಾದ ಇಳಿಜಾರನ್ನು ಜೆಸಿಬಿಯಿಂದ ಕತ್ತರಿಸಬೇಡವೆಂದು ಅದೇ ರೈತನಿಗೆ ಹೇಳಲೂ ಬೇಕು. ಮೊದಲನೆಯದಕ್ಕೆ ಚಪ್ಪಾಳೆ ಸಿಗುತ್ತದೆ. ಎರಡನೆಯದಕ್ಕೆ ಧೈರ್ಯ ಬೇಕು.

ಧರ್ಮಕೇಂದ್ರದ ಅಂಗಳದಿಂದ

ಕೆಲಸ ಎಲ್ಲಿಂದ ಆರಂಭವಾಗಬೇಕು? ಇಥಿಯೋಪಿಯಾದ ಉತ್ತರದ ಎತ್ತರದ ನಾಡಿನಲ್ಲಿ ಸುತ್ತಲಿನ ಕಾಡೆಲ್ಲ ಹೊಲ, ಹುಲ್ಲುಗಾವಲಾಗಿದ್ದರೂ ಆರ್ಥೊಡಾಕ್ಸ್ ಚರ್ಚುಗಳ ಸುತ್ತ ಹಸಿರು ದುಂಡುಗಳಂತೆ ಮೂಲ ಕಾಡು ಉಳಿದಿದೆ. ದೇವಾಲಯಕ್ಕೆ ಕಾಡೇ ಉಡುಪೆಂಬುದು ಅಲ್ಲಿಯವರ ಭಾವನೆ. ದನಕರು ಒಳನುಗ್ಗದಂತೆ ಗ್ರಾಮಸ್ಥರು, ಗುರುಗಳು, ವಿಜ್ಞಾನಿಗಳು ಕೂಡಿ ಹಲವೆಡೆ ಕಲ್ಲಿನ ಗೋಡೆ ಕಟ್ಟಿದ್ದಾರೆ. ಕೊಡಗಿನ ಸಾವಿರಕ್ಕೂ ಮಿಕ್ಕಿದ ದೇವರಕಾಡುಗಳಿಗೆ ಇವು ದೂರದ ಒಡಹುಟ್ಟುಗಳು. ಬನವನ್ನು ಕಾಯಲು ಕ್ರೈಸ್ತನು ತನ್ನ ನಂಬಿಕೆ ಬಿಡಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಮಲೆನಾಡಿನ ಧರ್ಮಕೇಂದ್ರಗಳ, ಶಾಲೆಗಳ, ಕಾನ್ವೆಂಟುಗಳ ಕೈಯಲ್ಲಿಯೂ ನೆಲವಿದೆ. ಅದರ ಒಂದು ಭಾಗವನ್ನು ಊರಿನ ಮರಗಳಿಗೆ ಬಿಡಬಹುದು. ಇಗರ್ಜಿಯ ವಿಶಾಲ ಮಾಡಿನ ಮಳೆನೀರನ್ನು ಬಾವಿಗೆ ಇಳಿಸಬಹುದು. ಪಾಳುಬಿದ್ದ ಒಂದು ಗದ್ದೆಯನ್ನು ಗೇಣಿಗೆ ಪಡೆದು, ಹಬ್ಬದ ತೆನೆಯನ್ನು ಯುವಜನರಿಂದಲೇ ಬೆಳೆಸಬಹುದು. ಆರ್ಥೊಡಾಕ್ಸ್ ಸಭೆಯ ಪಿತಾಮಹ ದಿಮಿತ್ರಿಯೋಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಯ ರಕ್ಷಣೆಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಕಥೋಲಿಕ ಸಭೆ 2015ರಲ್ಲಿ ಅದನ್ನು ಸ್ವೀಕರಿಸಿತು. ಆ ದಿನ ತೆನೆಹಬ್ಬದ ಒಂಬತ್ತು ದಿನಗಳ ನಡುವೆಯೇ ಬರುತ್ತದೆ. ಅಂದು ಗ್ರಾಮದ ಹಳ್ಳದ ದಂಡೆಯಲ್ಲಿ ಎಲ್ಲ ಮತದವರೊಡನೆ ನಡೆದು, ಎಲ್ಲಿ ಕಸ ಸುರಿದಿದೆ, ಎಲ್ಲಿ ಒತ್ತುವರಿಯಾಗಿದೆ, ಎಲ್ಲಿ ಗುಡ್ಡ ಬಿರುಕುಬಿಟ್ಟಿದೆ ಎಂದು ಬರೆದುಕೊಂಡು ಗ್ರಾಮಸಭೆಯ ಮುಂದಿಡಬಹುದು.

ಪಿತಾಮಹ ಬಾರ್ತಲೋಮಿಯೋ 1997ರಲ್ಲಿ ನಿಸರ್ಗದ ಮೇಲೆಸಗುವ ಅಪರಾಧ ಪಾಪವೇ ಎಂದು ಸ್ಪಷ್ಟವಾಗಿ ಹೇಳಿದರು. ಪಾಪನಿವೇದನೆಯ ಮುನ್ನ ವಿಶ್ವಾಸಿಯು ತನ್ನ ಮನಸ್ಸನ್ನು ಶೋಧಿಸಿಕೊಳ್ಳುವುದು ಸಭೆಯ ಹಳೆಯ ಅಭ್ಯಾಸ. ಸುಳ್ಳು, ಕೋಪ, ಅಸೂಯೆಗಳ ಪಟ್ಟಿಗೆ ಬತ್ತಿಸಿದ ತೊರೆಯೂ ಸೇರಬೇಕು. ಆದರೆ ಪಶ್ಚಾತ್ತಾಪ ಪೂರ್ತಿಯಾಗುವುದು ಪರಿಹಾರ ಮಾಡಿದ ಮೇಲೆ ಎಂದೇ ಸಭೆ ಕಲಿಸುತ್ತದೆ. ತೊರೆಗೆ ಮಾಡಿದ ತಪ್ಪಿಗೆ ತೊರೆಯ ದಂಡೆಯಲ್ಲೇ ಪರಿಹಾರವಾಗಬೇಕು. ಬರುವ ಮಳೆಗಾಲಕ್ಕೆ ಮುನ್ನ ಪ್ರತಿ ಧರ್ಮಕೇಂದ್ರವೂ ಅಂಥ ಒಂದು ದಂಡೆಯನ್ನು ಆರಿಸಿಕೊಳ್ಳಲಿ.